ಪ್ಲಾಸ್ಟರಿನಲ್ಲಿ ಅಣವೀರಪ್ಪನವರು

ಭಾಂಡುಪಿನ ಒಂದು ನಟ್ಟು-ಬೋಲ್ಟಿನ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದ ಅಣವೀರಪ್ಪನವರಿಗೆ, ಮೋಟರ್‌ಸೈಕಲ್ ಕೊಂಡ ಒಂದೇ ತಿಂಗಳಲ್ಲಿ ಸಾಹೇಬರ ಹತ್ತಿರ ಬಹಳ ಒಳ್ಳೆಯ ಹೆಸರು ಬಂದಿತು. ಅದಕ್ಕೆ ಕಾರಣ ಮೋಟರ್‌ಸೈಕಲ್ ಅಲ್ಲ, ಅದರ ಸೀಟು. ತಾವಿದ್ದ ಬೈಕುಲ್ಲಾದ ಚಾಳಿನಿಂದ ಭಾಂಡುಪಿನವರೆಗೆ ಆ ಸೀಟಿನ ಮೇಲೆ ಕೂತು ಬಂದ ಮನುಷ್ಯ ಮಧ್ಯಾಹ್ನದ ಊಟದ ತನಕ ಬೇರೆಲ್ಲಿಯೂ ಕೂಡುವ ಸ್ಥಿತಿಯಲ್ಲಿರುತ್ತಿರಲಿಲ್ಲ. ಹೀಗಾಗಿ ಸಾಹೇಬರು ಸ್ಟೋರಿಗೆ ಬಂದಾಗ ಅಣವೀರಪ್ಪನವರು ನಿಂತಿರುತ್ತಿದ್ದರು. ಹೋದ ಮೇಲೂ ನಿಂತಿರುತ್ತಿದ್ದರು. ರಜಿಸ್ಟರನ್ನೂ ನಿಂತೇ ಬರೆಯುತ್ತಿದ್ದರು. ಇಷ್ಟು ವಿನಯದ ನೌಕರನನ್ನು ತಾವು ಇಪ್ಪತ್ತು ವರ್ಷದಲ್ಲಿ ನೋಡಿಲ್ಲವೆಂದು ಸಾಹೇಬರು ಎರಡು ಮೀಟಿಂಗುಗಳಲ್ಲಿ ಹೇಳಿದರು.

ಗಾಡಿಯನ್ನು ಅವರು ಒಬ್ಬ ಪಾರ್ಸಿ ಮುದುಕರಿಂದ ಕೊಂಡಿದ್ದರು. ಎಂಜಿನ್ನಿನಲ್ಲಿ ಒಂದು ಕೊರತೆಯೂ ಇರಲಿಲ್ಲ. ಸೀಟಿನೊಳಗಿನ ಸ್ಪ್ರಿಂಗುಗಳು ಮಾತ್ರ ತಮ್ಮ ತಮ್ಮ ಇಷ್ಟದ ದಿಕ್ಕಿಗೆ ತಲೆ ಎತ್ತಿದ್ದವು. ಕೈಕೆಲಸದಲ್ಲಿ ತಮಗೆ ಹುಟ್ಟಿನಿಂದ ಬಂದ ಜಾಣ್ಮೆಯಿದೆಯೆಂದು ಅಣವೀರಪ್ಪನವರು ನಂಬಿದ್ದರು. ಈ ನಂಬಿಕೆ ಚಾಳಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅವರು ಸ್ಪ್ರಿಂಗುಗಳನ್ನು ಕಿತ್ತು, ಹಳೆಯ ಗಾದಿಯೊಂದರ ತೆಂಗಿನ ನಾರನ್ನೆಲ್ಲ ಸೀಟಿನೊಳಗೆ ತುರುಕಿ ಹೊಲಿದರು. ಸೀಟು ಒಂಟೆಯ ಡುಬ್ಬದಂತಾಯಿತು. ಬ್ರೇಕು ಹಾಕಿದಾಗಲೆಲ್ಲ ಅವರು ಜಾರಿ ಪೆಟ್ರೋಲ್ ಟಾಕಿಯ ಮೇಲೆ ಹೋಗಿ ಕೂಡುತ್ತಿದ್ದರು.

ಆ ಡುಬ್ಬದ ಹಿಂಬದಿಯಲ್ಲಿ ಅವರ ಹೆಂಡತಿ ಭಾಗವ್ವ ಒಂದೇ ಒಂದು ಸಲ ಕೂತಳು. ವಡಾಲದಲ್ಲಿದ್ದ ಅವಳ ಸೋದರಮಾವ ಬಸವಂತರಾಯರ ಮನೆಗೆ ಹೊರಟಿದ್ದರು. ಪರೇಲದಲ್ಲಿ ಅವಳು ಇಳಿದಳು, ಸೆರಗು ಸರಿಮಾಡಿಕೊಂಡಳು, ಒಂದು ಮಾತೂ ಆಡದೆ ಬಸ್ಸು ಹತ್ತಿದಳು. ವಡಾಲ ತಲುಪಿದ ಮೇಲೆ ಮಾತ್ರ ಬಹಳ ಮಾತಾಡಿದಳು. ಬಸವಂತರಾಯರು ರೈಲ್ವೆಯಲ್ಲಿ ಟಿಕೆಟ್ ಚೆಕರ್ ಆಗಿ ನಿವೃತ್ತರಾದವರು. ಹಳಿಯಿಲ್ಲದೆ ಓಡುವ ಯಾವ ವಾಹನದ ಮೇಲೂ ಅವರಿಗೆ ವಿಶ್ವಾಸವಿರಲಿಲ್ಲ. ಗಾಡಿಗೆ ತಾವೇ ಒಬ್ಬ ಗಿರಾಕಿಯನ್ನು ಹುಡುಕಿದರು. ಮಾಟುಂಗಾದ ಆ ಹಾಲಿನ ವ್ಯಾಪಾರಿ ಭಾನುವಾರ ಸಂಜೆ ಬಂದು ಗಾಡಿ ಒಯ್ಯುವುದೆಂದು ಅವರೇ ಗೊತ್ತುಮಾಡಿಬಿಟ್ಟರು. ಅಷ್ಟರೊಳಗೆ ಸೀಟು ಸರಿಮಾಡಿ ತೋರಿಸುತ್ತೇನೆ, ಆಮೇಲೆ ನೋಡೋಣ ಎಂದು ಅಣವೀರಪ್ಪನವರು ಹಟ ಹಿಡಿದರು. ಬಸವಂತರಾಯರು ನಕ್ಕರು. ಟಿಕೆಟ್ಟಿಲ್ಲದವನು ಮುಂದಿನ ಸ್ಟೇಷನ್ನಿನಲ್ಲಿ ತೆಗೆಸುತ್ತೇನೆ ಎಂದಾಗ ಅವರು ಮೂವತ್ತು ವರ್ಷ ನಕ್ಕ ನಗೆಯೇ ಅದು.

ಗುರುವಾರ ಬೈಕುಲ್ಲಾ ಸ್ಟೇಷನ್ನಿನ ಹೊರಗೆ ಕೊಂಡ ಶೇಂಗಾದ ಪೊಟ್ಟಣದಲ್ಲಿ ಅಣವೀರಪ್ಪನವರಿಗೆ ದಾರಿ ಸಿಕ್ಕಿತು. ಪೊಟ್ಟಣ ಯಾವುದೋ ವಿಲಾಯತಿ ಮಾಸಿಕದ ಹಾಳೆ. ಅದರ ಚಿತ್ರದಲ್ಲಿ ಒಬ್ಬ ಬಿಳಿಯ ಮನುಷ್ಯ ಹಸಿ ಪ್ಲಾಸ್ಟರಿನಲ್ಲಿ ಕೂತು ನಗುತ್ತಿದ್ದ. ಕೂತವನ ಅಚ್ಚು ಮೂಡುತ್ತದೆ, ಆ ಅಚ್ಚಿನ ಪ್ರಕಾರ ಸೀಟು ಮಾಡಿಸಿದರೆ ಸಾವಿರ ಮೈಲಿ ಹೋದರೂ ಆಯಾಸವಿಲ್ಲ ಎಂದು ಕೆಳಗೆ ಬರೆದಿತ್ತು. ‘ಕೂತಾದ ಮೇಲೆ’ ಎಂಬಲ್ಲಿಗೆ ಹಾಳೆ ಹರಿದಿತ್ತು. ಮುಂದಿನದು ಇನ್ನಾರದೋ ಶೇಂಗಾದೊಂದಿಗೆ ಹೋಗಿತ್ತು.

ಪರೇಲದ ಹತ್ತಿರದ ಲಾಲಬಾಗಿನಲ್ಲಿ ಗಣಪತಿ ಮೂರ್ತಿ ಮಾಡುವ ಒಂದು ಕಾರ್ಖಾನೆಯಲ್ಲಿ ಗೋಕಾಕದ ಪರಪ್ಪ ಎಂಬ ಕುಶಲಕರ್ಮಿ ಕೆಲಸ ಮಾಡುತ್ತಿದ್ದ. ಅದು ಎಪ್ಪತ್ಮೂರರ ಶ್ರಾವಣ. ಅವನಿಗೆ ತಲೆ ತುರಿಸಿಕೊಳ್ಳಲೂ ಪುರಸೊತ್ತಿರಲಿಲ್ಲ. ಆದರೂ ಕನ್ನಡದವರು ಬಂದರೆಂದು ಒಂದು ಚೀಲ ಪ್ಲಾಸ್ಟರ್ ಪುಡಿ ಕೊಟ್ಟು, ಕಲಸುವ ರೀತಿ ಹೇಳಿದ. ಅಣವೀರಪ್ಪನವರು ಚೀಲವನ್ನು ಗಾಡಿಗೆ ಕಟ್ಟಿ ಕಿಕ್ ಹೊಡೆದರು. ಪರಪ್ಪ ಬಾಗಿಲ ತನಕ ಬಂದು ಇನ್ನೂ ಏನೋ ಹೇಳುತ್ತಿದ್ದ. ಎಂಜಿನ್ನಿನ ಸದ್ದಿನಲ್ಲಿ ಅವನ ಬಾಯಿ ಆಡುವುದಷ್ಟೇ ಕಂಡಿತು. ಹಬ್ಬಕ್ಕೆ ಕರೆಯುತ್ತಿದ್ದಾನೆಂದು ತಿಳಿದು ಇವರು ಕೈಬೀಸಿ ಬಂದರು.

ಶನಿವಾರ ಭಾಗವ್ವ ಮಾವನ ಮೊಮ್ಮಗನ ತೊಟ್ಟಿಲಿಗೆಂದು ವಡಾಲಕ್ಕೆ ಹೋದಳು. ಭಾನುವಾರ ಬೆಳಿಗ್ಗೆ ಅಣವೀರಪ್ಪನವರು ಬಾಗಿಲಿನ ಮೇಲಿನ ಚಿಲಕ ಹಾಕಿ ಕೆಲಸಕ್ಕೆ ಕೂತರು. ಕೂತರು ಎಂಬ ಮಾತನ್ನು ಇಲ್ಲಿ ಪೂರ್ತಿಯಾಗಿ ತೆಗೆದುಕೊಳ್ಳಬೇಕು. ಬಟ್ಟೆ ಒಗೆಯಲೆಂದು ಭಾಗವ್ವ ಹೊಸದಾಗಿ ತಂದಿದ್ದ ತಗಡಿನ ಟಬ್ಬಿನಲ್ಲಿ ಅರ್ಧ ಚೀಲ ಪುಡಿ ಕಲಸಿದರು. ಉಳಿದ ಅರ್ಧವನ್ನು ಬಾಗಿಲ ಪಕ್ಕದ ಹಲಗೆಯ ಮೇಲಿಟ್ಟರು. ಪಟ್ಟೆಪಟ್ಟೆ ಚಡ್ಡಿ ತೊಟ್ಟು ಟಬ್ಬಿನಲ್ಲಿ ಕೂತು, ಕಾಲುಗಳನ್ನು ಹೊರಗೆ ಚಾಚಿದರು. ಪ್ಲಾಸ್ಟರು ತಣ್ಣಗೆ ಸೊಂಟದವರೆಗೆ ಏರಿತು.

ಬರೀ ಕೂತರೆ ಅಚ್ಚು ಶಾಸ್ತ್ರೀಯವಾಗುವುದಿಲ್ಲ, ಗಾಡಿ ಓಡಿಸುವ ಭಂಗಿಯೇ ಬೇಕು ಎಂದು ಅವರಿಗೆ ಹೊಳೆಯಿತು. ಲಟ್ಟಣಿಗೆಯನ್ನು ಎರಡು ಕೈಯಲ್ಲಿ ಹ್ಯಾಂಡಲ್ಲಿನಂತೆ ಹಿಡಿದು, ಬಾಯಲ್ಲಿ ಡುಗುಡುಗು ಸದ್ದು ಮಾಡುತ್ತ ಹೊರಟರು. ಲಾಲಬಾಗಿನಲ್ಲಿ ಟ್ರಾಮಿನ ಹಳೆಯ ಹಳಿ ಕಂಡು ಎಚ್ಚರಿಕೆಯಿಂದ ಕುಲುಕಿದರು. ದಾದರದಲ್ಲಿ ಬ್ರೇಕು ಹಾಕಿದರು. ಸಾಯನ್ ದಾಟುವಾಗ ಕೆಳಗೆ ಸ್ವಲ್ಪ ಬಿಸಿ ಎನಿಸಿತು. ಎಂಜಿನ್ ಕಾದಿದೆ ಎಂದುಕೊಂಡರು. ಘಾಟಕೋಪರಿನಲ್ಲಿ ಬಿಸಿ ಇನ್ನೂ ಹೆಚ್ಚಿತು. ಅನುಭವ ಇಷ್ಟು ನಿಜವಾಗಿ ಬರುತ್ತಿರುವುದಕ್ಕೆ ಅವರಿಗೆ ಹೆಮ್ಮೆಯೇ ಆಯಿತು. ಭಾಂಡುಪ್ ತಲುಪಿ, ಗಾಡಿ ನಿಲ್ಲಿಸಿ, ಇಳಿಯಲು ನೋಡಿದರು. ಇಳಿಯಲಾಗಲಿಲ್ಲ.

ಪ್ಲಾಸ್ಟರು ಕಲ್ಲಾಗಿತ್ತು. ಚಡ್ಡಿ ಪ್ಲಾಸ್ಟರಿಗೆ ಕಚ್ಚಿಕೊಂಡಿತ್ತು. ಚಡ್ಡಿಯನ್ನು ಬಿಟ್ಟಾದರೂ ಏಳೋಣವೆಂದರೆ ಲಾಡಿಯ ಗಂಟು ಆ ಕಲ್ಲಿನೊಳಗೆ ನಾಲ್ಕು ಬೆರಳು ಆಳದಲ್ಲಿತ್ತು. ಲಟ್ಟಣಿಗೆಯನ್ನು ನೆಲಕ್ಕೂರುತ್ತ ಆಮೆಯಂತೆ ಟಬ್ಬು ಸಮೇತ ತೆವಳಿ, ಅರ್ಧ ಗಂಟೆಯಲ್ಲಿ ಬಾಗಿಲು ಮುಟ್ಟಿದರು. ಚಿಲಕ ತಲೆಗಿಂತ ಮೂರು ಅಡಿ ಮೇಲಿತ್ತು.

ಆಗಲೇ ಪಕ್ಕದ ಖೋಲಿಯ ಪ್ರಫುಲ್ಲಾ ಬಾಗಿಲು ತಟ್ಟಿದಳು. ಅವಳ ಗಂಡ ಪೂವಪ್ಪ ಚಾಳಿನ ಕೆಳಗಿನ ಉಡುಪಿ ಹೋಟೆಲಿನ ಮ್ಯಾನೇಜರ್. ಮಗು ಮಲಗಿದೆ, ಬೆಳಗಿನಿಂದ ಈ ಡುಗುಡುಗು ಎಲ್ಲಿಂದ ಎಂದು ಕೇಳಲು ಬಂದಿದ್ದಳು.

“ಗಾಡಿ ಮೇಲೆ ತಂದಿದ್ದೀರಾ ಮಾರಾಯ್ರೆ? ಬಾಗಿಲು ತೆಗೆಯಿರಿ ನೋಡುವ.”

ಲಟ್ಟಣಿಗೆ ಹಿಡಿದು ಟಬ್ಬಿನಲ್ಲಿ ಭಾಂಡುಪಿಗೆ ಹೋಗಿದ್ದೆ ಎಂದು ಹೇಳುವುದು ಯಾವ ಗೃಹಸ್ಥನಿಗೂ ಸುಲಭವಲ್ಲ. ಅಣವೀರಪ್ಪನವರು ಆದಷ್ಟು ಚಿಕ್ಕದಾಗಿ ಉತ್ತರ ಕೊಟ್ಟರು.

“ಏಳ್ಲಿಕ್ಕೆ ಬರಲ್ಲ ನೋಡ್ರಿ ಪ್ರಫುಲ್ಲಾಬಾಯಿ. ಪ್ಲಾಸ್ಟರ್‌ದಾಗ ಅದೀನಿ. ಸೊಂಟದ ತನಾ ಅದ.”

ಪ್ರಫುಲ್ಲಾಳ ಚಪ್ಪಲಿಯ ಸದ್ದು ಮೂರು ಮಹಡಿ ಇಳಿದು ಹೋಯಿತು.

ಪೂವಪ್ಪನ ಗಲ್ಲಾದ ಪಕ್ಕದಲ್ಲಿ ಟೆಲಿಫೋನ್ ಇತ್ತು. ಅವನು ಮೊದಲು ವಡಾಲದಲ್ಲಿ ಬಸವಂತರಾಯರ ಮನೆಯ ಪಕ್ಕದ ರೇಶನ್ ಅಂಗಡಿಗೆ ಫೋನ್ ಮಾಡಿ, ಅಣವೀರಪ್ಪನವರು ಸೊಂಟದ ತನಕ ಪ್ಲಾಸ್ಟರಿನಲ್ಲಿದ್ದಾರೆ, ಏಳಲಾಗುತ್ತಿಲ್ಲ, ಭಾಗವ್ವನವರು ಕೂಡಲೇ ಬರಬೇಕು ಎಂದು ತಿಳಿಸಿದ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲವೆಂಬುದನ್ನು ಇಲ್ಲಿ ದಾಖಲಿಸಬೇಕು. ಆ ಇಡೀ ದಿನ ಯಾರೂ ಸುಳ್ಳು ಹೇಳಲಿಲ್ಲ. ಗಾಡಿ ಎಂಬ ಶಬ್ದವನ್ನು ಪೂವಪ್ಪ ಎತ್ತಲೇ ಇಲ್ಲ, ಕೇಳಿದವರೇ ಸೇರಿಸಿಕೊಂಡರು. ಚಹಾ ಕುಡಿಯುತ್ತಿದ್ದ ಗಿರಾಕಿಯೊಬ್ಬ ಅಪಘಾತ ಚಿಂಚಪೋಕಳಿ ಸೇತುವೆಯ ಮೇಲೆ ಆಗಿರಬೇಕು ಎಂದ. ಅಲ್ಲಿ ತಿರುವು ಕೆಟ್ಟದಾಗಿದೆ ಎಂದು ಇನ್ನೊಬ್ಬ ಒಪ್ಪಿದ.

ಮೂರನೆಯ ಟೇಬಲ್ಲಿನಲ್ಲಿ ಕೂತಿದ್ದ ಸಾಯಬಣ್ಣ ಬಟ್ಟಲನ್ನು ಕೆಳಗಿಟ್ಟ. ಅವನು ಸೇಡಂ ಕಡೆಯ ಟ್ಯಾಕ್ಸಿ ಡ್ರೈವರ್. ಅಂದು ಬೆಳಿಗ್ಗೆ ಅದೇ ಸೇತುವೆಯ ಮೇಲೆ ಅವನ ಟ್ಯಾಕ್ಸಿ ಒಂದು ಮೋಟರ್‌ಸೈಕಲ್ಲಿಗೆ ತಾಗಿತ್ತು. ಸವಾರ ಬಿದ್ದು, ಎದ್ದು, ಇವನ ವಂಶವನ್ನೆಲ್ಲ ಬೈದು, ಗಾಡಿ ಏರಿ ಹೋಗಿದ್ದ. ಬೈಯುವಷ್ಟು ಗಟ್ಟಿಯಿದ್ದಾನಲ್ಲ ಎಂದು ಸಾಯಬಣ್ಣ ಸಮಾಧಾನಪಟ್ಟುಕೊಂಡಿದ್ದ. ಈಗ ಅರ್ಧ ಚಹಾ ಬಿಟ್ಟು ಮೂರು ಮಹಡಿ ಓಡಿ ಹತ್ತಿ, ಅಣವೀರಪ್ಪನವರ ಬಾಗಿಲಿಗೆ ಹಣೆ ಇಟ್ಟ.

“ತಪ್ಪಾಗ್ಯಾದ್ರಿ ಅಣ್ಣಾ. ಹೊಡದಿದ್ದು ನನ್ನ ಗಾಡಿನೇ.”

ಒಳಗಿನಿಂದ ಅಣವೀರಪ್ಪನವರು, ತಮಗೆ ಯಾರೂ ಹೊಡೆದಿಲ್ಲ, ತಾವು ಬೆಳಗಿನಿಂದ ಮನೆಯಲ್ಲೇ ಕೂತಿದ್ದೇವೆ ಎಂದು ಸತ್ಯ ನುಡಿದರು. ಸಾಯಬಣ್ಣ ಕಣ್ಣೀರು ಒರೆಸಿಕೊಂಡು, ಕೂಡಿದ್ದ ಜನರತ್ತ ತಿರುಗಿದ.

“ಕೇಳಿದ್ರಿಲ್ಲ? ಇಂಥಾ ನೋವಿನ್ಯಾಗೂ ನನ್ನ ಮ್ಯಾಲ ಕೇಸ್ ಆಗಬಾರದಂತ ಬಚಾಯಿಸ್ಲತ್ತಾರ. ಮನುಷ್ಯರಲ್ಲರಿ ಇವರು.”

ಅಣವೀರಪ್ಪನವರು ಇಲ್ಲವೆಂದಷ್ಟೂ ಹೊರಗೆ ಅವರ ದೊಡ್ಡಸ್ತಿಕೆ ಬೆಳೆಯಿತು. ಹತ್ತು ವರ್ಷದಿಂದ ನಲ್ಲಿಯ ಸಾಲಿನಲ್ಲಿ ಅವರ ಕೊಡವನ್ನು ಹಿಂದಕ್ಕೆ ಸರಿಸುತ್ತಿದ್ದ ಹೆಂಗಸರು ಅಂಥ ದೇವರಂಥ ಮನುಷ್ಯ ಈ ಚಾಳಿನಲ್ಲಿಲ್ಲ ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಪೂವಪ್ಪ ಎರಡು ಎಳನೀರು ತಂದು ಬಾಗಿಲ ಮುಂದಿಟ್ಟ. ಕೊನೆಯ ಖೋಲಿಯ ಇಂದ್ರಾಬಾಯಿ ಎಂಬ ಮುದುಕಿ ಬೇವಿನ ಸೊಪ್ಪು ಹಿಡಿದು ಬಂದಳು. ಅವಳಿಗೆ ಕಣ್ಣು ಮಂದ. ಬಾಗಿಲು ಒಡೆಯೋಣವೆಂದು ಯಾರೋ ಅಂದರೆ, ಬೇಡ, ಹೆಂಡತಿ ಬರಲಿ ಎಂದು ಒಳಗಿನಿಂದ ಬೇಡಿಕೆ ಬಂತು. ಆ ಬೇಡಿಕೆಗೆ ಇನ್ನೂ ನಾಲ್ಕು ಜನ ಅತ್ತರು.

ಭಾಗವ್ವ ಬಂದಳು. ಹಿಂದೆ ಬಸವಂತರಾಯರು ಬಂದರು. ಅವರ ಮುಖದಲ್ಲಿ ದುಃಖವೂ ಇತ್ತು, ಹೇಳಿದ್ದೆನಲ್ಲ ಎಂಬ ತೃಪ್ತಿಯೂ ಇತ್ತು. ಎರಡರಲ್ಲಿ ಯಾವುದನ್ನು ಮುಂದೆ ಮಾಡಬೇಕೆಂದು ಅವರಿಗಿನ್ನೂ ನಿಶ್ಚಯವಾಗಿರಲಿಲ್ಲ. ಗಾಡಿಯನ್ನು ಇಂದೇ ಕೊಡುವುದಾಗಿ ಅಳಿಯ ಬಾಯಿಬಿಟ್ಟು ಹೇಳಲಿ, ಆಮೇಲೆ ಬಾಗಿಲು ತೆಗೆಸೋಣ ಎಂದು ಅವರು ಮೆಟ್ಟಿಲಿನಿಂದಲೇ ಘೋಷಿಸಿದರು. ಭಾಗವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ. ಬಾಗಿಲಿಗೆ ಒರಗಿ ಕುಸಿದು ಕೂತಳು.

“ಏನ್ರಿ, ನಾ ಬಂದೀನಿ. ಅವತ್ತು ಪರೇಲದಾಗ ನಾ ಇಳದು ಹೋದೆಂತ ಮನಸಿಗಿ ಹಚಕೊಂಡಿದ್ರೇನು? ನಾ ಹಿಂದ ಕೂತಿದ್ರ ನೀವು ಸಾವಕಾಶ ಓಡಸ್ತಿದ್ರಿ. ಎಲ್ಲೆಲ್ಲಿ ಮುರದದ ಹೇಳ್ರಿ.”

ಹನ್ನೊಂದು ವರ್ಷದ ಸಂಸಾರದಲ್ಲಿ ಭಾಗವ್ವ ಇಷ್ಟು ಮೆತ್ತಗೆ ಮಾತಾಡಿದ್ದನ್ನು ಅಣವೀರಪ್ಪನವರು ಕೇಳಿರಲಿಲ್ಲ. ಕೇಳಿದ ಮೇಲೆ ಸತ್ಯ ಹೇಳದಿರುವುದು ಅಸಾಧ್ಯವಾಯಿತು. ಬಾಗಿಲ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದರು.

“ಎಲ್ಲೂ ಮುರದಿಲ್ಲ.”

“ಮತ್ತ ಪ್ಲಾಸ್ಟರ್ ಯಾರು ಹಾಕ್ಯಾರ?”

“ನಾನೇ ಹಾಕ್ಕೊಂಡೀನಿ.”

“ಎಲ್ಲಿ?”

“ನಿನ್ನ ಹೊಸಾ ಟಬ್ಬಿನ್ಯಾಗ.”

ಭಾಗವ್ವನ ಅಳು ಅಲ್ಲಿಗೇ ನಿಂತಿತು. ಪೆಟ್ಟು ತಲೆಗೂ ಆಗಿದೆ ಎಂದು ಬಸವಂತರಾಯರು ಜನರಿಗೆ ತಗ್ಗಿದ ದನಿಯಲ್ಲಿ ತಿಳಿಸಿದರು. ತಲೆ ಎಂದು ಕೇಳಿದ್ದೇ ಸಾಯಬಣ್ಣನಿಗೆ ತಡೆಯಲಾಗಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು, ಓಡಿ ಬಂದು ಭುಜದಿಂದ ಬಾಗಿಲನ್ನು ಗುದ್ದಿದ. ಚಿಲಕ ಕಿತ್ತು ಬಂತು. ಬಾಗಿಲು ಟಬ್ಬನ್ನು ಪಕ್ಕದ ಹಲಗೆಯ ಕೆಳಗೆ ತಳ್ಳಿ, ಹಲಗೆಗೆ ಬಡಿಯಿತು. ಹಲಗೆಯ ಮೇಲಿನ ಅರ್ಧ ಚೀಲ ಪುಡಿ ಅಣವೀರಪ್ಪನವರ ನೆತ್ತಿಯ ಮೇಲೆ ಸುರಿಯಿತು.

ಬಿಳಿಯ ಮೋಡ ಇಳಿದಾಗ ಜನ ನೋಡಿದರು. ಟಬ್ಬಿನ ಪೀಠದ ಮೇಲೆ ಅಡಿಯಿಂದ ಮುಡಿಯವರೆಗೆ ಅಚ್ಚ ಬೆಳ್ಳಗಿನ ಮೂರ್ತಿಯೊಂದು ಲಟ್ಟಣಿಗೆ ಹಿಡಿದು ಕೂತಿತ್ತು. ಇಂದ್ರಾಬಾಯಿ ಬೇವಿನ ಸೊಪ್ಪನ್ನು ಮುಂದಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು ನಮಸ್ಕಾರ ಮಾಡಿದಳು. ಮೂರ್ತಿ ಸೀನಿತು.

ಮೊದಲು ನಕ್ಕವನು ಸಾಯಬಣ್ಣ. ಇವರು ಬೆಳಿಗ್ಗೆ ತನ್ನ ವಂಶವನ್ನು ಬೈದ ಮನುಷ್ಯರಲ್ಲ, ಆ ಮನುಷ್ಯನಿಗೆ ಇಷ್ಟು ದಪ್ಪ ಮೀಸೆಯಿತ್ತು, ಇವರಿಗೆ ಮೀಸೆಯೇ ಇಲ್ಲ ಎಂದು ಖಾತ್ರಿಯಾದ ಮೇಲೆ ಅವನು ಪೂವಪ್ಪನನ್ನು ತಬ್ಬಿಕೊಂಡು ಕುಣಿದ. ಬಸವಂತರಾಯರು ಮಾತ್ರ ಗಂಭೀರವಾಗಿ ಸುತ್ತಲೂ ನಡೆದು ಪರೀಕ್ಷಿಸಿದರು, ಒರಳಿನ ಒನಕೆ ತರಿಸಿ ಟಬ್ಬಿಗೆ ಒಂದೇಟು ಹಾಕಿದರು. ಏಟು ಪ್ಲಾಸ್ಟರಿಗೆ ಎಷ್ಟು ತಾಗಿತೋ, ಅಣವೀರಪ್ಪನವರಿಗೆ ಪೂರ್ತಿಯಾಗಿ ತಾಗಿತು. ಅವರ ಕೂಗು ಕೇಳಿ ಪ್ರಫುಲ್ಲಾಳ ಮಗು ಎದ್ದಿತು. ಪರಪ್ಪನ ಹತ್ತಿರ ಒಯ್ಯುವುದೊಂದೇ ದಾರಿ ಎಂದು ತೀರ್ಮಾನವಾಯಿತು.

ನಾಲ್ಕು ಜನ ಹೊತ್ತು ಕೆಳಗಿಳಿಸಿದರು. ಸಾಯಬಣ್ಣನ ಟ್ಯಾಕ್ಸಿಯ ಬಾಗಿಲಲ್ಲಿ ಟಬ್ಬು ತೂರಲಿಲ್ಲ. ಕಡೆಗೆ ಟ್ಯಾಕ್ಸಿಯ ತಲೆಯ ಮೇಲಿನ ಕ್ಯಾರಿಯರಿಗೆ ಅಣವೀರಪ್ಪನವರನ್ನು ಏರಿಸಿದರು. ಒಳಗೆ ಭಾಗವ್ವ, ಬಸವಂತರಾಯರು, ಪೂವಪ್ಪ. ಹಿಂದೆ ನಡೆದುಕೊಂಡು ಚಾಳು. ಹಬ್ಬಕ್ಕೆ ಇನ್ನೂ ಮೂರು ವಾರವಿತ್ತು. ಆದರೂ ಬಿಳಿಯ ಮೂರ್ತಿಯೊಂದು ಪೀಠ ಸಮೇತ ಲಾಲಬಾಗಿನ ಕಡೆ ಹೊರಟಿದ್ದನ್ನು ಕಂಡ ಬೀದಿಯವರು ತಡಮಾಡದೆ ಗಣಪತಿ ಬಪ್ಪಾ ಮೋರಯಾ ಎಂದು ಕೂಗಿದರು. ಮೂರ್ತಿ ಹೊರಟಿದ್ದು ಕಾರ್ಖಾನೆಯಿಂದಲ್ಲ, ಕಾರ್ಖಾನೆಗೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಮದುವೆಯಿಂದ ಮರಳುತ್ತಿದ್ದ ಬ್ಯಾಂಡಿನವರು ಸುಮ್ಮನೆ ಬರಲಾಗದೆ ಬಾರಿಸತೊಡಗಿದರು. ಅಣವೀರಪ್ಪನವರು ಮೊದಲು ಕೈಬೀಸಿ ಬೇಡವೆಂದರು. ಕೈಬೀಸಿದ್ದನ್ನು ಆಶೀರ್ವಾದವೆಂದು ತಿಳಿದು ಇನ್ನಷ್ಟು ಜನ ಬಂದರು.

ಚಿಂಚಪೋಕಳಿ ಸೇತುವೆಯ ಹತ್ತಿರ ಟ್ರಾಫಿಕ್ ಹವಾಲ್ದಾರ ಕೈ ಅಡ್ಡ ಹಿಡಿದು, ಮೆರವಣಿಗೆಯ ಪರವಾನಗಿ ಎಲ್ಲಿ ಎಂದು ಮರಾಠಿಯಲ್ಲಿ ಕೇಳಿದ. ಕಾಯಿದೆಯ ಮಾತು ಬಂದೊಡನೆ ಬಸವಂತರಾಯರ ಮೂವತ್ತು ವರ್ಷದ ನೌಕರಿ ಎಚ್ಚರಗೊಂಡಿತು. ಕೆಳಗಿಳಿದು, ಇದು ಮೆರವಣಿಗೆಯಲ್ಲ, ಲಗೇಜು, ಹಿಂದೆ ಬರುವವರಿಗೂ ತಮಗೂ ಸಂಬಂಧವಿಲ್ಲ ಎಂದು ವಾದ ಹೂಡಿದರು. ಹವಾಲ್ದಾರ ಮೇಲೆ ನೋಡಿದ. ಲಗೇಜು ಕೈಮುಗಿದು ನಮಸ್ಕಾರ ಎಂದಿತು. ಹವಾಲ್ದಾರ ಟೋಪಿ ತೆಗೆದು, ತಲೆ ಒರೆಸಿ, ಮತ್ತೆ ಹಾಕಿಕೊಂಡ. ಕೊನೆಗೆ ಹೇಳಿದ್ದಿಷ್ಟು: “ಲಗೇಜ್ ಅಸೇಲ್ ತರ್ ದೋರೀನೆ ಬಾಂಧಾ.” ಲಗೇಜಾದರೆ ಹಗ್ಗದಿಂದ ಕಟ್ಟಬೇಕು, ಅದು ರೂಲು. ಬಾಳೆಹಣ್ಣಿನವನಿಂದ ಹಗ್ಗ ತಂದು, ಅಣವೀರಪ್ಪನವರನ್ನು ಕ್ಯಾರಿಯರಿಗೆ ಎರಡು ಸುತ್ತು ಬಿಗಿದು, ಪ್ರಯಾಣ ಮುಂದುವರಿಸಿದರು.

ಪರಪ್ಪ ಒಂದು ದೊಡ್ಡ ಗಣಪತಿಯ ಕಣ್ಣು ಬರೆಯುತ್ತಿದ್ದ. ಒಂದು ಕಣ್ಣು ಆಗಿತ್ತು. ಇನ್ನೊಂದನ್ನು ಬರೆದು ಮುಗಿಸುವ ತನಕ ಅವನು ತಿರುಗಿಯೂ ನೋಡಲಿಲ್ಲ. ಆಮೇಲೆ ಕುಂಚ ತೊಳೆದು ಬಂದು, ಒಮ್ಮೆ ನೋಡಿದ.

“ಎಣ್ಣಿ ಹಚಗೊಂಡ್ರ್ಯಾ?”

“ಇಲ್ಲ.”

“ಬಿಸಿ ಆತಂದ್ರ ಎದ್ದ ಬಿಡ್ರಿ ಅಂತ ಬಾಗಲಾಗ ನಿಂತ ಒದರಿ ಹೇಳಿನ್ಯಲ್ಲರಿ.”

“ಹಬ್ಬಕ್ಕ ಕರೀಲತ್ತಿ ಅಂತ ತಿಳಕೊಂಡೆ.”

ಪರಪ್ಪ ಅಂಗಿಯ ತೋಳು ಮಡಚಿದ. ಗೋಣಿಯ ಪರದೆ ಕಟ್ಟಿ, ತಂತಿ, ಉಳಿ, ಕತ್ತರಿ ಹಿಡಿದು ಒಳಗೆ ಹೋದ. ಅರ್ಧ ಗಂಟೆ ಕಿರ್ ಕಿರ್ ಸದ್ದು, ನಡುನಡುವೆ ನರಳಾಟ ಕೇಳಿಸಿತು. ನಂತರ ಅಣವೀರಪ್ಪನವರು ಗಣಪತಿಗೆ ಉಡಿಸಲೆಂದು ತಂದಿದ್ದ ಹಳದಿ ರೇಷ್ಮೆಯ ಮಗುಟವನ್ನು ಸೊಂಟಕ್ಕೆ ಸುತ್ತಿಕೊಂಡು, ಎರಡು ಕಾಲಿನ ಮೇಲೆ ನಡೆಯುತ್ತ ಹೊರಗೆ ಬಂದರು. ಹಿಂದೆ ಪರಪ್ಪ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಒಂದು ಬಿರುಕೂ ಇರಲಿಲ್ಲ. ಚಡ್ಡಿಯ ಪಟ್ಟೆಗಳೂ ಅದರಲ್ಲಿ ಮೂಡಿದ್ದವು. ಇಪ್ಪತ್ತು ವರ್ಷದಲ್ಲಿ ಇಷ್ಟು ಚೊಕ್ಕ ಅಚ್ಚು ತನ್ನ ಕೈಯಿಂದಲೂ ಬಂದಿಲ್ಲವೆಂದು ಅವನು ಕಾರ್ಖಾನೆಯ ಎಲ್ಲ ಕುಶಲಕರ್ಮಿಗಳನ್ನು ಕರೆದು ತೋರಿಸಿದ. ಅವರು ಒಬ್ಬೊಬ್ಬರಾಗಿ ಬಂದು ಅಚ್ಚನ್ನು ನೋಡಿದರು, ಆಮೇಲೆ ಅಣವೀರಪ್ಪನವರನ್ನು ಹಿಂದಿನಿಂದ ನೋಡಿದರು, ಒಪ್ಪಿ ತಲೆಯಾಡಿಸಿದರು.

ಸಂಜೆ ಹಾಲಿನ ವ್ಯಾಪಾರಿ ಬಂದು ಗಾಡಿಯ ಸುತ್ತ ತಿರುಗತೊಡಗಿದಾಗ ಬಸವಂತರಾಯರು ತಮ್ಮ ಹಳೆಯ ಮಾತನ್ನು ತೆಗೆದರು. ಈ ಗಾಡಿಯಿಂದ ಮನೆ ಹಾಳಾಗುತ್ತದೆ ಎಂದಿದ್ದೆ, ಇವತ್ತು ಕಣ್ಣಾರೆ ಕಂಡೆವು, ಇನ್ನು ಒಂದು ತಾಸೂ ಇದು ಇಲ್ಲಿರಬಾರದು ಎಂದರು. ಅಣವೀರಪ್ಪನವರು ತಲೆ ತಗ್ಗಿಸಿದರು. ಟಬ್ಬಿನಲ್ಲಿ ಊರೆಲ್ಲ ಮೆರೆದು ಮಗುಟ ಉಟ್ಟು ಬಂದ ಮನುಷ್ಯನ ಹತ್ತಿರ ವಾದಕ್ಕೆ ಬಲವಿರಲಿಲ್ಲ. ಕಿಸೆಯಿಂದ ಕೀಲಿ ತೆಗೆಯೋಣವೆಂದರೆ ಮಗುಟಕ್ಕೆ ಕಿಸೆಯೂ ಇರಲಿಲ್ಲ.

ಭಾಗವ್ವ ಒಳಗಿನಿಂದ ಕೀಲಿ ತಂದಳು. ತಂದವಳು ಅದನ್ನು ವ್ಯಾಪಾರಿಗೆ ಕೊಡದೆ ಗಂಡನ ಕೈಯಲ್ಲಿಟ್ಟಳು.

“ಮಾಮಾ, ಗಾಡಿ ಏನು ತಪ್ಪು ಮಾಡ್ಯಾದ ಹೇಳ್ರಿ. ಅದು ಬೆಳಗಿಂದ ಕೆಳಗ ಸುಮ್ಮ ನಿಂತದ. ಇವರು ಮನ್ಯಾಗ ಕೂತು ಮಾಡ್ಕೊಂಡಾರ. ಇವರಿಗಿ ಮನ್ಯಾಗ ಬಿಡೂದೇ ಜೋಖೀಮು. ಗಾಡಿ ಮ್ಯಾಲೇ ಇರಲಿ.”

ಬಸವಂತರಾಯರು ಬಾಯಿ ತೆರೆದರು. ಆ ದಿನದ ಅಪಘಾತದಲ್ಲಿ ಗಾಡಿಯ ಪಾತ್ರವೇನೂ ಇರಲಿಲ್ಲವೆಂಬುದು ಎಷ್ಟು ಹುಡುಕಿದರೂ ನಿಜವಾಗಿಯೇ ಉಳಿಯಿತು. ಅವರು ಬಾಯಿ ಮುಚ್ಚಿ, ವ್ಯಾಪಾರಿಯನ್ನು ಕರೆದುಕೊಂಡು ವಡಾಲದ ಬಸ್ಸು ಹಿಡಿದರು.

ಬೈಕುಲ್ಲಾದ ಗಾದಿಯ ಕಸಬಿನವನೊಬ್ಬ ಅಚ್ಚಿನ ಪ್ರಕಾರ ರಬ್ಬರಿನ ಫೋಮು ಕತ್ತರಿಸಿ, ಕಪ್ಪು ರೆಕ್ಸಿನ್ ಹೊದಿಸಿ ಸೀಟು ಮಾಡಿಕೊಟ್ಟ. ಮುಂದಿನ ವಾರದ ಸೋಮವಾರ ಅಣವೀರಪ್ಪನವರು ಅದರ ಮೇಲೆ ಕೂತರು. ಹರಿದ ಹಾಳೆಯಲ್ಲಿ ಬರೆದದ್ದು ಅಕ್ಷರಶಃ ನಿಜವಾಗಿತ್ತು. ತಾಯಿಯ ತೊಡೆಯ ಮೇಲೆ ಕೂತಂತೆ ಇತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿದರು. ದಾದರದಲ್ಲಿ ಅವರಿಗೆ ಆಕಳಿಕೆ ಬಂತು. ಸಾಯನ್ನಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದಿತು. ಅವರು ಎರಡೂ ಕಾಲು ನೆಲಕ್ಕೂರಿ, ಕಣ್ಣು ಮುಚ್ಚಿದರು. ದೀಪ ನಾಲ್ಕು ಸಲ ಹಸಿರಾಗಿ ನಾಲ್ಕು ಸಲ ಕೆಂಪಾಯಿತು. ಹಿಂದೆ ಮಾಟುಂಗಾದ ತನಕ ವಾಹನಗಳು ನಿಂತವು. ಪೊಲೀಸಿನವನು ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದಾಗ ಸಣ್ಣ ಗೊರಕೆ ಕೇಳಿಸಿತು. ಮಂಗಳವಾರ ಕುರ್ಲಾದಲ್ಲಿ ಹಾಗೆಯೇ ಆಯಿತು. ಬುಧವಾರ ಅವರು ನಿದ್ದೆ ಬಾರದಿರಲೆಂದು ಕಣ್ಣಿಗೆ ಸುಣ್ಣದ ನೀರಿನ ತೇವ ಹಚ್ಚಿಕೊಳ್ಳುವ ಯೋಚನೆಯಲ್ಲಿದ್ದರು. ಮನೆಯಲ್ಲಿ ಇನ್ನೊಂದು ಪ್ರಯೋಗ ಬೇಡವೆಂದು ಭಾಗವ್ವ ಮೊರಕ್ಕೆ ಕೈಹಾಕಿದಾಗ ಬಿಟ್ಟರು.

ಗುರುವಾರ ಬೆಳಿಗ್ಗೆ ಚಾಳಿನವರು ಗ್ಯಾಲರಿಯಲ್ಲಿ ಸಾಲಾಗಿ ನಿಂತು ನೋಡಿದರು. ಭಾಗವ್ವ ಬೇಗ ಅಡಿಗೆ ಮುಗಿಸಿ, ಸೀರೆಗೆ ಕಾಸೆ ಹಾಕಿ, ಸೆರಗು ಸೊಂಟಕ್ಕೆ ಬಿಗಿದು, ಗಂಡನ ಹಿಂದೆ ಗಾಡಿ ಹತ್ತಿದಳು. ಅಂದಿನಿಂದ ಅವಳು ದಿನಾ ಬೆಳಿಗ್ಗೆ ಭಾಂಡುಪಿನವರೆಗೆ ಹೋಗಿ, ಅವರನ್ನು ಕಾರ್ಖಾನೆಯ ಗೇಟಿನಲ್ಲಿ ಎಚ್ಚರವಾಗಿಯೇ ಇಳಿಸಿ, ತಾನು ಲೋಕಲ್ ರೈಲು ಹಿಡಿದು ಮನೆಗೆ ಮರಳುತ್ತಾಳೆ. ಸಂಜೆ ಮತ್ತೆ ಹೋಗಿ ಕರೆತರುತ್ತಾಳೆ. ದಾರಿಯುದ್ದಕ್ಕೂ ಅವಳು ಅವರ ಕಿವಿಯ ಹತ್ತಿರ ಮಾತಾಡುತ್ತಿರುತ್ತಾಳೆ. ಹನ್ನೊಂದು ವರ್ಷದಲ್ಲಿ ಹೇಳಲು ಪುರಸೊತ್ತಾಗದೆ ಉಳಿದದ್ದು ಬಹಳವಿತ್ತು. ಘಾಟಕೋಪರ್ ಬರುವಷ್ಟರಲ್ಲಿ ಅತ್ತೆಯ ಪ್ರಕರಣ ಮುಗಿದು ನಾದಿನಿಯರದು ಶುರುವಾಗಿರುತ್ತದೆ. ಅಣವೀರಪ್ಪನವರ ಕಣ್ಣು ಬೈಕುಲ್ಲಾದಿಂದ ಭಾಂಡುಪಿನವರೆಗೆ ರೆಪ್ಪೆ ಮುಚ್ಚುವುದಿಲ್ಲ.

ಅವಳ ಪಾಲಿನ ಸೀಟಿಗೆ ಅಚ್ಚು ತೆಗೆದಿರಲಿಲ್ಲ. ಅದು ಮೊದಲಿನ ತೆಂಗಿನ ನಾರಿನಿಂದಲೇ ಕಲ್ಲಿನಂತೆ ಉಳಿದಿದೆ. ಅದನ್ನೂ ಮೆತ್ತಗೆ ಮಾಡಿಸುವ ಎಂದು ಅಣವೀರಪ್ಪನವರು ಒಮ್ಮೆ ಅಂದರು. ಭಾಗವ್ವ ಬೇಡವೆಂದಳು. ಇಬ್ಬರಲ್ಲಿ ಒಬ್ಬರಾದರೂ ಎಚ್ಚರ ಇರಬೇಕಲ್ಲ ಎಂದಳು.